ಸುತ್ತು ದಾರಿಯಲ್ಲಿ ಕಲಿತದ್ದು
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತು)



ನಾವು ಸಂಘಗಳ ಭೇಟಿಗೆ ಹೋದಾಗ ತಾಯಂದಿರು ಹೇಳುವ ಒಂದು ಮಾತಿದೆ: "ಸಿಸ್ಟರ್, ಮಗ ಗ್ಯಾರೇಜಿಗೆ ಸೇರಿದ, ಬಿಟ್ಟ. ವೆಲ್ಡಿಂಗ್‌ಗೆ ಹೋದ, ಅದನ್ನೂ ಬಿಟ್ಟ. ಈಗ ಸ್ವಂತ ಅಂಗಡಿ ಹಾಕ್ತೀನಿ, ಸಂಘದಲ್ಲಿ ಸಾಲ ತೆಗಿ ಅಂತಾನೆ. ಹೇಗೆ ನಂಬೋದು?"

ಉತ್ತರ ಹೇಳುವ ಮೊದಲು ಜಪಾನ್ ದೇಶದ ಒಬ್ಬ ಮೆಕ್ಯಾನಿಕ್‌ನ ಕಥೆ ಕೇಳಿ. ಹೆಸರು ಸೊಯಿಚಿರೊ ಹೋಂಡಾ. ನಮ್ಮ ರಸ್ತೆಗಳಲ್ಲಿ ಓಡಾಡುವ ಎಷ್ಟೋ ಸ್ಕೂಟರ್, ಬೈಕುಗಳ ಮೇಲೆ ಈ ಹೆಸರನ್ನು ನೀವೇ ನೋಡಿದ್ದೀರಿ.

ಅವರು 1906ರಲ್ಲಿ ಒಂದು ಹಳ್ಳಿಯಲ್ಲಿ ಹುಟ್ಟಿದರು. ತಂದೆ ಕಮ್ಮಾರರು, ಸೈಕಲ್ ರಿಪೇರಿಯನ್ನೂ ಮಾಡುತ್ತಿದ್ದರು. ತಾಯಿ ಬಟ್ಟೆ ನೇಯುತ್ತಿದ್ದರು. 1922ರಲ್ಲಿ ಹುಡುಗ ಟೋಕಿಯೋದ ಒಂದು ಗ್ಯಾರೇಜಿಗೆ ಕೆಲಸ ಕಲಿಯಲು ಸೇರಿದ. ಸಿಕ್ಕಿದ ಮೊದಲ ಕೆಲಸ ಏನು ಗೊತ್ತಾ? ಯಜಮಾನರ ಮಗುವನ್ನು ಎತ್ತಿ ಆಡಿಸುವುದು! ಆದರೂ ಬಿಟ್ಟು ಓಡಲಿಲ್ಲ. ಕೆಲಸ ಕಲಿತು 1928ರಲ್ಲಿ ಹಮಾಮಾತ್ಸು ಊರಿನಲ್ಲಿ ಅದೇ ಗ್ಯಾರೇಜಿನ ಶಾಖೆ ತೆರೆದರು.

ರಿಪೇರಿ ಚೆನ್ನಾಗಿ ನಡೆಯುತ್ತಿದ್ದಾಗಲೇ ಎಂಜಿನ್‌ನ ಪಿಸ್ಟನ್ ರಿಂಗ್ ತಯಾರಿಸಲು ಹೊರಟರು. ಮಾಡಿದ್ದೆಲ್ಲ ಕೆಟ್ಟಿತು. ಕೈಕೆಲಸ ಗೊತ್ತಿತ್ತು, ಲೋಹದ ಗುಣ ಗೊತ್ತಿರಲಿಲ್ಲ. ಮೂವತ್ತರ ವಯಸ್ಸಿನಲ್ಲಿ, ನಾಚಿಕೆ ಪಡದೆ, ತಾಂತ್ರಿಕ ಶಾಲೆಗೆ ಹೋಗಿ ಹುಡುಗರ ಜೊತೆ ಕುಳಿತು ಪಾಠ ಕೇಳಿದರು. ಕೊನೆಗೆ ರಿಂಗ್ ಸರಿ ಬಂತು. ಆದರೆ ಯುದ್ಧದ ಬಾಂಬು ಮತ್ತು 1945ರ ಭೂಕಂಪ ಕಾರ್ಖಾನೆಗಳನ್ನು ಹಾಳು ಮಾಡಿದವು. ಉಳಿದದ್ದನ್ನು ಮಾರಿಬಿಟ್ಟರು.

ಯುದ್ಧದ ನಂತರ ಊಟದ ಸಾಮಾನಿಗೂ ಜನ ದೂರ ದೂರ ಸೈಕಲ್ ತುಳಿಯಬೇಕಿತ್ತು. 1946ರಲ್ಲಿ ಹೋಂಡಾ, ಸೈನ್ಯ ವೈರ್‌ಲೆಸ್‌ಗೆ ಬಳಸಿ ಬಿಟ್ಟ ಸಣ್ಣ ಎಂಜಿನ್ನನ್ನು ಸೈಕಲ್ಲಿಗೆ ಜೋಡಿಸಿದರು. ಮೊದಲ ಪೆಟ್ರೋಲ್ ಟ್ಯಾಂಕ್ ಯಾವುದು? ಹಾಸಿಗೆ ಬೆಚ್ಚಗೆ ಮಾಡಲು ಬಿಸಿನೀರು ತುಂಬಿಡುವ ಮನೆಯ ಡಬ್ಬಿ!

ಅದನ್ನು ಊರೊಳಗೆ ಓಡಿಸಿ ನೋಡಿದವರು ಪತ್ನಿ ಸಾಚಿ. ಮನೆಗೆ ಬಂದಾಗ ಅವರ ಒಳ್ಳೆಯ ಬಟ್ಟೆಗೆಲ್ಲ ಎಣ್ಣೆ ಮೆತ್ತಿತ್ತು. ಹೀಗಾದರೆ ಗಿರಾಕಿಗಳು ಬಂದು ಬೈಯುತ್ತಾರೆ ಎಂದು ನೇರವಾಗಿ ಹೇಳಿದರು. ಗಂಡ ಆ ಮಾತನ್ನು ತಳ್ಳಿಹಾಕಲಿಲ್ಲ. ವಸ್ತುವಿನ ದೋಷ ಬಳಸಿದವರಿಗೇ ಮೊದಲು ತಿಳಿಯುವುದು, ಅಲ್ವಾ?

1948ರಲ್ಲಿ ಕಂಪನಿಯಾಯಿತು. 1949ರಲ್ಲಿ 'ಡ್ರೀಮ್' ಎಂಬ ಸ್ವಂತ ಮೋಟಾರ್ ಸೈಕಲ್ ಬಂತು. ಅದೇ ವರ್ಷ ತಕೆಯೊ ಫುಜಿಸಾವಾ ಜೊತೆಗೂಡಿದರು. ಹಣ, ಮಾರಾಟ ಅವರ ಪಾಲು. ಯಂತ್ರ ಹೋಂಡಾ ಪಾಲು. 1973ರಲ್ಲಿ ಇಬ್ಬರೂ ಒಟ್ಟಿಗೇ ನಿವೃತ್ತರಾದರು.

ಸಹೋದರಿಯರೇ, ಕೆಲಸ ಬಿಟ್ಟವರೆಲ್ಲ ಹೋಂಡಾ ಆಗುವುದಿಲ್ಲ. ಆದರೆ ಬಿಟ್ಟವರೆಲ್ಲ ದಂಡವೂ ಅಲ್ಲ. ಆದ್ದರಿಂದ ಮಗನನ್ನು ಬೈಯುವ ಮೊದಲು, ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು, ಮೂರು ಪ್ರಶ್ನೆ ಕೇಳೋಣ. ಒಂದೊಂದು ಕಡೆ ಏನು ಕಲಿತೆ? ಕೆಟ್ಟದ್ದನ್ನು ಸರಿ ಮಾಡಲು ಯಾರ ಹತ್ತಿರ ಹೋದೆ? ಅಂಗಡಿಯ ಲೆಕ್ಕ ಬರೆಯುವವರು ಯಾರು?

ಉತ್ತರ ಸಿಕ್ಕಿದರೆ ಸಂಘದ ಸಭೆಯಲ್ಲಿ ಧೈರ್ಯವಾಗಿ ಇಡಿ. ಸಿಗದಿದ್ದರೆ ಸಾಲ ಸ್ವಲ್ಪ ಕಾಯಲಿ, ಅವನು ಇನ್ನೂ ಕಲಿಯಲಿ. ಈ ಪ್ರಶ್ನೆಗಳನ್ನು ನಮ್ಮ ಹಪ್ಪಳ, ಹೊಲಿಗೆ, ಹೈನುಗಾರಿಕೆಗೂ ಕೇಳಿಕೊಳ್ಳೋಣ.