ಉಣ್ಣದ ಹಾವಿನ ಮರಿ

'ಹಾವಿಗೆ ಹಾಲೆರೆದಂತೆ' ಎಂಬ ಮಾತನ್ನು ನಾವು ಕೃತಘ್ನರನ್ನು ಕುರಿತು ಆಡುತ್ತೇವೆ. ನುಡಿಗಟ್ಟಾಗಿ ಅದು ಸೊಗಸಾಗಿಯೇ ಇದೆ. ಹಾವಿನ ಮಟ್ಟಿಗೆ ಮಾತ್ರ ಅನ್ಯಾಯದ್ದು. ಹಾಲು ಹಾವಿನ ಆಹಾರವಲ್ಲ. ಅದನ್ನು ಅರಗಿಸಿಕೊಳ್ಳುವ ಒಡಲು ಅದಕ್ಕಿಲ್ಲ. ನಾಗರ ಪಂಚಮಿಯ ದಿನ ಹಾವಾಡಿಗನ ಬುಟ್ಟಿಯ ಹಾವು ಹಾಲು ಕುಡಿದುದನ್ನು ಕಣ್ಣಾರೆ ಕಂಡೆವೆನ್ನುವವರು ಉಂಟು. ಹಬ್ಬಕ್ಕೆ ಮುನ್ನ ಹಲವು ದಿನ ನೀರು ಕಾಣಿಸದೆ ಬಾಯಾರಿಸಿದ ಹಾವು ಎದುರಿಗಿಟ್ಟ ಯಾವ ದ್ರವಕ್ಕಾದರೂ ಬಾಯಿಡುತ್ತದೆ. ಅದರ ಬಾಯಾರಿಕೆಯನ್ನು ನಮ್ಮ ಭಕ್ತಿಗೆ ಒಲಿದ ಪ್ರಸನ್ನತೆಯೆಂದು ಓದಿಕೊಂಡವರು ನಾವು.

ಹಾವು ಏನನ್ನು ಉಣ್ಣುತ್ತದೆ ಎಂಬುದಕ್ಕಿಂತ, ಏಕೆ ಉಣ್ಣದೆ ಕೂರುತ್ತದೆ ಎಂಬುದು ಇಂದಿನ ನನ್ನ ವಿಷಯ. ಇದನ್ನು ನನ್ನ ಮುಂದಿಟ್ಟವನು ಯಳಂದೂರಿನ ನಮ್ಮ ಬೀದಿಯ ಹೈಸ್ಕೂಲು ಹುಡುಗನೊಬ್ಬ. 2023ರ ಮಳೆಗಾಲದಲ್ಲಿ ಒಂದು ಸಂಜೆ ಅವನು ಅಗಲ ಬಾಯಿನ ಗಾಜಿನ ಜಾಡಿಯೊಂದನ್ನು ಎದೆಗವಚಿಕೊಂಡು ನಮ್ಮ ಜಗಲಿಗೆ ಬಂದ. ಒಳಗೆ ಒಂದು ಗೇಣೂ ಇಲ್ಲದ ನೀರೊಳ್ಳೆಯ ಮರಿ, ಮೈಮೇಲೆ ಚೌಕುಳಿಯ ಗುರುತು. ಸುವರ್ಣಾವತಿಯ ಕಾಲುವೆಯಂಚಿನ ಗದ್ದೆಯಲ್ಲಿ ಸಿಕ್ಕಿತ್ತಂತೆ. ಒಂಬತ್ತು ದಿನಗಳಿಂದ ಅವನು ಹಾಲು, ಮೊಟ್ಟೆ, ಅನ್ನದ ಅಗುಳು, ಕೋಳಿಮಾಂಸದ ಚೂರು ಎಲ್ಲವನ್ನೂ ನೈವೇದ್ಯ ಮಾಡಿದ್ದ. ಮರಿ ಒಂದನ್ನೂ ಮುಟ್ಟಿರಲಿಲ್ಲ.

ನಾನು ಮೊದಲು ಹೇಳಿದ್ದು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ನಾಡಿನ ಕಾಡುಹಾವನ್ನು, ಅದು ವಿಷವಿಲ್ಲದ ನೀರೊಳ್ಳೆಯೇ ಆಗಿರಲಿ, ಹಿಡಿದು ಸಾಕುವಂತಿಲ್ಲ. ಹುಡುಗನ ಕಣ್ಣು ತುಂಬಿತು. ಬಿಡಲು ಅವನ ತಕರಾರಿರಲಿಲ್ಲ. "ಈಗ ಬಿಟ್ಟರೆ ದಾರಿಯಲ್ಲೇ ಸಾಯುತ್ತಲ್ಲ ಸಾರ್?" ಎಂದ. ಪ್ರಶ್ನೆ ಸಾಧುವಾದದ್ದು. ಮರಿಯ ಪಕ್ಕೆಯ ಚರ್ಮ ನೆರಿಗೆಗಟ್ಟಿತ್ತು.

ಕೊಳ್ಳೇಗಾಲದಲ್ಲಿ ಮನೆಗಳಿಗೆ ನುಗ್ಗಿದ ಹಾವುಗಳನ್ನು ಹಿಡಿದು ಅರಣ್ಯ ಇಲಾಖೆಗೆ ತಿಳಿಸಿ ಬಿಟ್ಟುಬರುವ ಯುವಕನೊಬ್ಬನ ಪರಿಚಯ ನನಗಿತ್ತು. ದೂರವಾಣಿ ಮಾಡಿದೆ, ಅಂದೇ ಬಂದ. ಅವನು ಜಾಡಿಯನ್ನು ಎತ್ತಿ ಬೆಳಕಿಗೆ ಹಿಡಿಯಲಿಲ್ಲ. ಅದರ ಮೇಲೆ ತನ್ನ ಟವಲನ್ನು ಹೊದಿಸಿದ. ಚಿಕಿತ್ಸೆ ಅಲ್ಲಿಂದಲೇ ಆರಂಭವಾಯಿತೆನ್ನಬೇಕು.

ಅವನು ಹೇಳಿದ್ದರ ಸಾರ ಹೀಗೆ. ಹೊಟ್ಟೆ ತುಂಬಿದ ಹಾವು ಓಡಲಾರದು. ಆದ್ದರಿಂದ ಶತ್ರು ಎದುರಿಗಿದೆ ಎಂದು ತೋರಿದಷ್ಟು ಹೊತ್ತೂ ಅದು ಉಣ್ಣುವುದಿಲ್ಲ. ಉಂಡಿದ್ದರೂ ಗದ್ದಲವಾದರೆ ಕಕ್ಕಿಬಿಟ್ಟು ಹಗುರಾಗುತ್ತದೆ. ಗಾಜಿನೊಳಗಿನ ಮರಿಗೆ ನಾಲ್ಕು ದಿಕ್ಕಿನಿಂದಲೂ ಕಾಣುವುದು ದೊಡ್ಡ ಮುಖವೊಂದು. ಆ ಮುಖದ ತುಂಬ ಪ್ರೀತಿಯಿದೆ ಎಂಬುದನ್ನು ಅದು ತಿಳಿಯುವ ಬಗೆ ಯಾವುದು? ಹುಡುಗ ದಿನಕ್ಕೆ ಹತ್ತು ಸಲ ಕೈಗೆತ್ತಿಕೊಂಡು ಸಂತೈಸಿದ್ದ. ಹತ್ತು ಸಲವೂ ಮರಿ ತನ್ನನ್ನು ಯಾವುದೋ ಹಕ್ಕಿ ಹಿಡಿಯಿತೆಂದೇ ಬಗೆದಿರಬೇಕು. ಇದರ ಮೇಲೆ ತಿನಿಸಿನ ಅಪರಿಚಯ. ಹಾವು ಸೀಳುನಾಲಗೆಯಿಂದ ಗಾಳಿಯ ವಾಸನೆಯ ಕಣಗಳನ್ನೆತ್ತಿ ಅಂಗುಳಿನ ಇಂದ್ರಿಯಕ್ಕೆ ಒಪ್ಪಿಸಿ ಆಹಾರವನ್ನು ಗುರುತಿಸುತ್ತದೆ. ಗೊದಮೊಟ್ಟೆ, ಪುಟ್ಟ ಮೀನು, ಎಳೆಗಪ್ಪೆಗಳಿಗಾಗಿ ಹುಟ್ಟಿದ ನೀರೊಳ್ಳೆಗೆ ಅನ್ನದ ಅಗುಳು ಒಂದು ಬೆಣಚುಕಲ್ಲಿನಷ್ಟೇ ಅನ್ಯ.

ಇಷ್ಟನ್ನು ಹೇಳಿ ಅವನು ಟವಲಿನ ಅಂಚೆತ್ತಿ ಇಣುಕಿದ. ಮರಿಯ ಕಣ್ಣುಗಳ ಮೇಲೆ ಹಾಲುಗೆನೆ ಕಟ್ಟಿದಂತೆ ನೀಲಿಬಿಳುಪು ಕವಿದಿತ್ತು. ನಾನು ಕುರುಡಾಯಿತೇನೋ ಎಂದು ಕಳವಳಗೊಳ್ಳುತ್ತಿರುವಾಗ, ಮೊಮ್ಮಗನನ್ನು ಹುಡುಕುತ್ತ ಬಂದಿದ್ದ ಹುಡುಗನ ಅಜ್ಜಿ ಬಗ್ಗಿ ನೋಡಿ, "ಇದು ಜ್ವರಕ್ಕೆ ಕೂತದೆ, ಬುಡ್ರಪ್ಪ" ಎಂದರು.

ಆಕೆ ಹನೂರಿನ ಕಡೆಯವರು. ಆಯುಷ್ಯದ ಬಹುಭಾಗ ರೇಷ್ಮೆ ಸಾಕಿದವರು. ರೇಷ್ಮೆ ಕಂಡ ಸೀಮೆಯ ಕೇಳುಗರಿಗೆ ಈ ಜ್ವರ ಯಾವುದೆಂದು ಹೇಳಬೇಕಾಗಿಲ್ಲ. ಹುಳು ಗೂಡು ಕಟ್ಟುವ ಮುನ್ನ ನಾಲ್ಕು ಸಲ ಚರ್ಮ ಕಳಚುತ್ತದೆ. ಪ್ರತಿ ಸಲವೂ ಸುಮಾರು ಒಂದು ದಿನ ತಲೆಯೆತ್ತಿ, ಅಲುಗದೆ, ಸೊಪ್ಪು ಮುಟ್ಟದೆ ಕೂರುತ್ತದೆ. ಆಗ ಸಾಕುವವರು ತಟ್ಟೆ ಅಲ್ಲಾಡಿಸುವುದಿಲ್ಲ, ಸೊಪ್ಪು ಹೇರುವುದಿಲ್ಲ, ಸುಮ್ಮನಿರುತ್ತಾರೆ. ಹಾವಿನದೂ ಅದೇ. ಪೊರೆ ಬಿಡುವ ಮುನ್ನ ಕಣ್ಣು ಮಸುಕಾಗಿ, ದೃಷ್ಟಿ ಮಂದವಾಗಿ, ಅದು ಆಹಾರವನ್ನು ಒಲ್ಲೆನ್ನುತ್ತದೆ. ಮೊಟ್ಟೆಯೊಡೆದು ಬಂದ ಮರಿಯ ಒಡಲಲ್ಲಿ ಲೋಳೆಯ ಬುತ್ತಿ ಒಂದಿಷ್ಟು ಉಳಿದಿರುತ್ತದೆ. ಅನೇಕ ಜಾತಿಗಳಲ್ಲಿ ಮೊದಲ ಪೊರೆ ಕಳಚಿದ ಮೇಲೆಯೇ ಮೊದಲ ಊಟ. ಕೊಳ್ಳೇಗಾಲದ ಯುವಕ ಅಜ್ಜಿಯ ಮುಖವನ್ನೊಮ್ಮೆ ನೋಡಿ ನಕ್ಕ; ತಾನು ಹೇಳಬೇಕೆಂದಿದ್ದುದೂ ಅದೇ ಎಂದ. ಹಳಗನ್ನಡದ ಚಟ ಬಿಡದ ನನಗೆ ಆ ಗಳಿಗೆಯಲ್ಲೂ ಬೇರೊಂದು ಹೊಳೆಯಿತು: ಹಾವು ಕಳಚುವುದೂ ಪೊರೆಯೇ, ಸಲಹು ಎಂಬರ್ಥದ ಕ್ರಿಯಾಪದವೂ ಪೊರೆಯೇ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಣ್ಣು ಮಸುಕಾದ ಮರಿಯನ್ನು ಆ ಸ್ಥಿತಿಯಲ್ಲಿ ಬಿಟ್ಟರೆ ಕೊಕ್ಕರೆಯ ಪಾಲಾದೀತೆಂದು ಅರಣ್ಯ ಇಲಾಖೆಗೆ ತಿಳಿಸಿ ಅವನು ಅದನ್ನು ತನ್ನಲ್ಲಿಗೆ ಕೊಂಡೊಯ್ದ. ಜಾಡಿಯನ್ನಲ್ಲ; ಅಜ್ಜಿಯ ಮನೆಯ ಮಣ್ಣಿನ ಮಡಕೆಯಲ್ಲಿ, ತಳಕ್ಕೆ ಒದ್ದೆ ಬಟ್ಟೆ ಹಾಸಿ, ಬಾಯಿಗೆ ಬಟ್ಟೆ ಬಿಗಿದು. ಮಡಕೆಯ ಉಪಾಯ ಹೊಸದಲ್ಲ. ಚೆನ್ನೈ ಬಳಿಯ ವಡನೆಮ್ಮೇಲಿಯಲ್ಲಿ 1978ರಲ್ಲಿ ಸ್ಥಾಪಿತವಾದ ಇರುಳರ ಸಹಕಾರ ಸಂಘದಲ್ಲಿ, ವಿಷ ತೆಗೆಯಲು ಹಿಡಿದ ನಾಗರ, ಮಂಡಲಗಳನ್ನು ಕೆಲವು ವಾರ ಇರಿಸಿಕೊಳ್ಳುವುದು ಬಟ್ಟೆ ಕಟ್ಟಿದ ಮಡಕೆಗಳಲ್ಲೇ. ಆ ಬಳಿಕ ಕಾಡಿಗೆ ಬಿಡುತ್ತಾರೆ. ಮಡಕೆಯಲ್ಲಿ ಕತ್ತಲಿದೆ, ತಂಪಿದೆ, ಮೈಗೆ ತಾಕುವ ಗೋಡೆಯಿದೆ. ಹಾವಿಗೆ ಅದು ಬಿಲ.

ಪಟ್ಟಣದ ಕೇಳುಗರಿಗೂ ಇದು ದೂರದ ಮಾತೇನಲ್ಲ. ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು 'ಬಾಲ್ ಪೈತಾನ್' ಎಂಬ ಪಶ್ಚಿಮ ಆಫ್ರಿಕ ಮೂಲದ ಹೆಬ್ಬಾವಿನ ಮರಿಯೊಂದನ್ನು ಸಾಕಲು ತಂದಳು. ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಈ ಜಾತಿ ಉಪವಾಸಕ್ಕೆ ಪ್ರಸಿದ್ಧ. ಬೆಳೆದದ್ದು ತಿಂಗಳುಗಟ್ಟಲೆ ತಾಳಬಲ್ಲದು, ಮರಿ ಅಷ್ಟು ತಾಳದು. ಅಲ್ಲಿನ ಪಶುವೈದ್ಯರು ಕೊಟ್ಟ ಸಲಹೆಯೂ ನಮ್ಮ ಕೊಳ್ಳೇಗಾಲದವನದೇ ಧಾಟಿಯದು: ಬಂದ ಮೊದಲ ವಾರ ಮುಟ್ಟಬೇಡಿ, ಮೈ ತಾಕುವಷ್ಟು ಇಕ್ಕಟ್ಟಾದ ಎರಡು ಅಡಗುತಾಣ ಕೊಡಿ, ಪೆಟ್ಟಿಗೆಯ ಒಂದು ಮಗ್ಗುಲು 31ರಿಂದ 32 ಡಿಗ್ರಿ ಸೆಲ್ಸಿಯಸ್ ಇರಲಿ, ಏಕೆಂದರೆ ಹೊರಗಿನ ಬಿಸುಪಿಲ್ಲದೆ ಹಾವಿಗೆ ಜೀರ್ಣವಾಗದು. ಇಲಿಮರಿ ಹಾವಿನ ನಡುವಿಗಿಂತ ದಪ್ಪವಿರಬಾರದು. ಶೈತ್ಯದಿಂದ ತೆಗೆದು ಬೆಚ್ಚಗೆ ಮಾಡಿದ ಸತ್ತ ಇಲಿಯೇ ಲೇಸು, ಜೀವಂತ ಇಲಿ ಹಾವನ್ನೇ ಕಚ್ಚೀತು. ರಾತ್ರಿ ಇಟ್ಟು ದೀಪವಾರಿಸಿ ಹೋಗಿ. ಒಲ್ಲದಿದ್ದರೆ ವಾರ ಬಿಟ್ಟು ಮತ್ತೆ ಇಡಿ, ದಿನವೂ ಕಾಡಬೇಡಿ. ತೂಕವನ್ನು ಮಾತ್ರ ಬರೆದಿಡಿ. ಅದು ಇಳಿಯುತ್ತ ಹೋದರೆ, ಬಾಯಲ್ಲಿ ಲೋಳೆ ಕಂಡರೆ, ವೈದ್ಯರಲ್ಲಿಗೆ ಒಯ್ಯಿರಿ. ಬಾಯಿ ಬಿಡಿಸಿ ತುರುಕುವುದು ಮನೆಯವರ ಕೆಲಸವಲ್ಲ. ಮೂರನೆಯ ವಾರ ಮರಿ ಉಂಡಿತಂತೆ. ನಮ್ಮ ದೇಶದಲ್ಲಿ ಇಂಥ ಹಾವನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ನೋಂದಣಿ ಮಾಡಿಸಬೇಕು. ದುಡ್ಡು ಕೊಟ್ಟು ಇಷ್ಟು ದೂರದ ಪ್ರಾಣಿಯೊಂದರ ಭಯವನ್ನು ಮನೆಗೆ ತರುವುದೇಕೆ ಎಂಬುದು ನನಗೆ ಈಗಲೂ ಅರ್ಥವಾಗಿಲ್ಲ. ಇರಲಿ.

ನೀರೊಳ್ಳೆಯ ಮರಿ ಐದನೆಯ ದಿನ ಪೊರೆ ಕಳಚಿತು. ಮರುದಿನ ಸಂಜೆ ಹುಡುಗ ತಾನೇ ಕಾಲುವೆಯಲ್ಲಿ ಹಿಡಿದ ಬೆರಳುಗುರಿನಷ್ಟು ಗಾತ್ರದ ನಾಲ್ಕು ಮೀನುಗಳನ್ನು ನೀರಿನಲ್ಲಿಟ್ಟುಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದ, ಜೊತೆಗೆ ನಾನು. ಮೀನುಗಳನ್ನು ತಟ್ಟೆಯಷ್ಟು ಆಳದ ನೀರಿಗೆ ಬಿಟ್ಟು, ತಟ್ಟೆಯನ್ನೂ ಮಡಕೆಯನ್ನೂ ಒಂದು ಪೆಟ್ಟಿಗೆಯೊಳಗಿಟ್ಟು, ಮುಚ್ಚಿ, ನಾವು ಮೂವರೂ ಹೊರಬಂದೆವು. ಒಮ್ಮೆ ನೋಡಿಬರಲೇ ಎಂದು ಹುಡುಗ ಎರಡು ಬಾರಿ ಎದ್ದ. ಎರಡು ಬಾರಿಯೂ ಯುವಕ ಅವನಿಗೆ ಚಹ ಕೊಟ್ಟು ಕೂರಿಸಿದ.

ಮರುದಿನ ಬೆಳಿಗ್ಗೆ ಯುವಕ ಮಡಕೆಯನ್ನೂ ಮೀನಿನ ಪಾತ್ರೆಯನ್ನೂ ಹೊತ್ತು ಯಳಂದೂರಿಗೆ ಬಂದ. ಮರಿ ಸಿಕ್ಕಿದ್ದ ಅದೇ ಗದ್ದೆಯ ಬದುವಿನ ಮೇಲೆ ಮಡಕೆಯನ್ನು ಅಡ್ಡ ಮಲಗಿಸಿ ಹಿಂದೆ ಸರಿದೆವು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹುಲ್ಲು ಒಂದೆಡೆ ಅಲುಗಿತು, ನೀರಿನ ಮೇಲೊಂದು ಗೆರೆ ಮೂಡಿ ಅಳಿಯಿತು. ಹುಡುಗ ಪಾತ್ರೆಯನ್ನು ಬಗ್ಗಿ ನೋಡಿ ಲೆಕ್ಕ ಹಾಕಿದ. ನಾಲ್ಕರಲ್ಲಿ ಒಂದು ಮೀನು ಉಳಿದಿತ್ತು. ಅದನ್ನೂ ಕಾಲುವೆಗೆ ಸುರಿದು, ಅಜ್ಜಿಗೆ ಹಿಂದಿರುಗಿಸಬೇಕಾದ ಮಡಕೆಯನ್ನು ಎತ್ತಿಕೊಂಡ.