ವೆನಿಸ್: ಹೆಬ್ಬಾಗಿಲು ಹಿತ್ತಿಲಿಗೆ ಹೋದ ಕಥೆ

ಇಂದು ವೆನಿಸ್‌ಗೆ ಹೋಗುವ ಹೆಚ್ಚಿನವರು ರೈಲಿನಲ್ಲೋ ಬಸ್ಸಿನಲ್ಲೋ ಬಂದು ಊರು ಹೊಗುವುದು ಹಿತ್ತಿಲ ಕಡೆಯಿಂದ. ಮುಂಬಾಗಿಲು ಎಲ್ಲಿತ್ತು ಎಂದು ತಿಳಿಯಬೇಕಾದರೆ ಸಾನ್ ಮಾರ್ಕೊ ಚೌಕದ ಬಳಿ, ನೀರಿನಂಚಿನ ಎರಡು ಕಂಬಗಳನ್ನು ನೋಡಿ. ಒಂದರ ಮೇಲೆ ರೆಕ್ಕೆಯ ಸಿಂಹ, ಇನ್ನೊಂದರ ಮೇಲೆ ಸಂತ ಥಿಯೋಡೋರ್. 15ನೇ ಶತಮಾನದಲ್ಲಿ ವಿಜಯನಗರವನ್ನು ಕಂಡು ವರ್ಣಿಸಿದ ನಿಕೊಲೊ ಕಾಂಟಿ ಅಂದಿನ ವೆನಿಸ್ ಗಣರಾಜ್ಯದವನೇ. ಅವನ ಕಾಲಕ್ಕೆ ಕಡಲಿನಿಂದ ಬಂದವರನ್ನು ಎದುರುಗೊಳ್ಳುತ್ತಿದ್ದದ್ದು ಈ ಕಂಬಗಳು.

ನೆಲದ ಕಡೆಯಿಂದ ಬಂದರೂ ಕೊನೆಗೆ ದೋಣಿಯೇ ಗತಿ. 1786ರಲ್ಲಿ ಜರ್ಮನ್ ಕವಿ ಗಯಟೆ ಪಾದುವಾದಿಂದ ಬ್ರೆಂತಾ ಕಾಲುವೆಯಲ್ಲಿ ದೋಣಿ ಹಿಡಿದೇ ಬಂದ. ಊರ ಸುತ್ತಲಿನ ಹಿನ್ನೀರು ಬಹುಪಾಲು ಕಡೆ ಒಂದೆರಡು ಮೀಟರ್ ಆಳವಷ್ಟೇ. ಹಡಗು ಸಾಗುವ ದಾರಿಗಳು ಕೆಲವೇ. ಅವುಗಳ ಗುರುತಿಗೆ ಮರದ ದಿಮ್ಮಿಗಳನ್ನು ಮೂರು ಮೂರಾಗಿ ಕೆಸರಿನಲ್ಲಿ ನೆಟ್ಟು, ತಲೆ ಸೇರಿಸಿ ಬಿಗಿಯುತ್ತಾರೆ. ಈ ಗೂಟ ಕಿತ್ತರೆ ಹೊರಗಿನವನ ಹಡಗು ಕೆಸರಿನಲ್ಲಿ ಹೂತುಹೋದಂತೆಯೇ. ಸುತ್ತ ಗೋಡೆಯಿಲ್ಲದ ಊರಿಗೆ ಆ ನೀರೇ ಕೋಟೆ.

ಆ ಕೋಟೆಯನ್ನು ದಾಟಿದ್ದು ರೈಲು. 1846ರ ಜನವರಿಯಲ್ಲಿ, ಆಸ್ಟ್ರಿಯದ ಆಳ್ವಿಕೆಯಲ್ಲಿ, 222 ಕಮಾನುಗಳ ಸೇತುವೆ ತೆರೆಯಿತು. ಉದ್ದ ಮೂರೂವರೆ ಕಿಲೋಮೀಟರಿಗೂ ಹೆಚ್ಚು. ಎರಡೇ ವರ್ಷದಲ್ಲಿ ವೆನಿಸ್ ಬಂಡೆದ್ದಿತು. ಮುತ್ತಿಗೆ ಬಿದ್ದಾಗ ಊರಿನವರೇ ಕೆಲವು ಕಮಾನುಗಳನ್ನು ಸಿಡಿಸಿದರು, ಮತ್ತೆ ದ್ವೀಪವಾಗಿ ಉಳಿಯೋಣವೆಂದು. ಹಸಿವೆ, ಕಾಲರಾ, ಫಿರಂಗಿ ಮೂರೂ ಸೇರಿ 1849ರ ಆಗಸ್ಟ್‌ನಲ್ಲಿ ಅವರನ್ನು ಮಣಿಸಿದವು. ಈ ಸೇತುವೆಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಕಮಾನುಗಳನ್ನು ಸಿಡಿಸಿದ ಆ ಘಟನೆಯೇ.

ಮುಂದಿನದೆಲ್ಲ ಒಂದರ ಹಿಂದೊಂದು ನಡೆಯಿತು. ನಿಲ್ದಾಣಕ್ಕಾಗಿ 1861ರಲ್ಲಿ ಸಾಂತಾ ಲುಚಿಯಾ ಚರ್ಚನ್ನು ಕೆಡವಿದರು. ಹೆಸರು ಮಾತ್ರ ನಿಲ್ದಾಣಕ್ಕೆ ಉಳಿಯಿತು. 1881ರಲ್ಲಿ ಉಗಿದೋಣಿ ವಪೊರೆಟ್ಟೊ ಓಡತೊಡಗಿದಾಗ, ಹೊಟ್ಟೆಪಾಡಿನ ಭಯದಿಂದ ಗೊಂಡೊಲಾ ನಡೆಸುವವರು ಮುಷ್ಕರ ಹೂಡಿದರು. 1933ರಲ್ಲಿ ಮುಸೊಲಿನಿ ರಸ್ತೆ ಸೇತುವೆ ತೆರೆದ. ಮೋಟಾರು ಪಿಯಾತ್ಸಾಲೆ ರೋಮಾ ಚೌಕದವರೆಗೆ ಬರುತ್ತದೆ, ಅಲ್ಲಿಂದಾಚೆ ಇಂದಿಗೂ ಇಲ್ಲ. ಸಾನ್ ಮಾರ್ಕೊ ಎದುರಿಗೇ ಹಾಯುತ್ತಿದ್ದ ಭಾರೀ ಪ್ರವಾಸಿ ಹಡಗುಗಳನ್ನು 2021ರಲ್ಲಿ ನಿಷೇಧಿಸಿದರು. ತಡವಾದರೂ ಸರಿಯಾದ ನಿರ್ಧಾರ.

2024ರಲ್ಲಿ, ಕೆಲವು ದಿನಗಳ ಮಟ್ಟಿಗೆ, ಹಗಲು ಬಂದು ಹೋಗುವವರಿಗೆ 5 ಯೂರೊ ಶುಲ್ಕ ವಿಧಿಸಿದಾಗ ತಪಾಸಣೆಯ ಮುಖ್ಯ ಜಾಗ ರೈಲು ನಿಲ್ದಾಣದ ಎದುರೇ ಆಯಿತು. ಹಿತ್ತಿಲೇ ಈಗ ಹೆಬ್ಬಾಗಿಲು. ನೀವು ವಿಮಾನದಲ್ಲಿ ಬರುವವರಾದರೆ, ಮಾರ್ಕೊ ಪೋಲೊ ನಿಲ್ದಾಣದಿಂದ ಬಸ್ಸು ಬೇಗ ತಲುಪಿಸುತ್ತದೆ, ನಿಜ. ಆದರೆ ಅಲ್ಲಿಂದ ಸಾನ್ ಮಾರ್ಕೊಗೆ ದೋಣಿಯೂ ಇದೆ. ತುಸು ಹೊತ್ತು ಹಿಡಿದರೂ ಅದನ್ನೇ ಹತ್ತಿ.