ಅಗ್ಗದ ಬೆಲೆಯ ಹಿಂದಿನ ಕೈಗಳು

ದಿನಸಿ ಅಗ್ಗಕ್ಕೆ ಸಿಕ್ಕಿದರೆ ಮಾಲೀಕ ಲಾಭ ಬಿಟ್ಟುಕೊಟ್ಟನೆಂದು ಗಿರಾಕಿ ತಿಳಿಯುತ್ತಾನೆ. ಲೆಕ್ಕ ಅಷ್ಟು ಸರಳವಲ್ಲ. ಜರ್ಮನಿಯ 'ಆಲ್ಡಿ' ಅಂಗಡಿಗಳನ್ನೇ ನೋಡಿ.

ಎಸೆನ್ ನಗರದಲ್ಲಿ ತಾಯಿಯ ಪುಟ್ಟ ಅಂಗಡಿಯನ್ನು ಎರಡನೇ ಮಹಾಯುದ್ಧದ ನಂತರ ವಹಿಸಿಕೊಂಡವರು ಕಾರ್ಲ್ ಮತ್ತು ಥಿಯೋ ಆಲ್‌ಬ್ರೆಕ್ಟ್ ಸಹೋದರರು. ಮನೆತನದ ಹೆಸರಿಗೆ 'ಡಿಸ್ಕೌಂಟ್' ಸೇರಿ 1962ರಲ್ಲಿ 'ಆಲ್ಡಿ' ಹುಟ್ಟಿತು. ಕೆಲವೇ ನೂರು ಬಗೆಯ ಸಾಮಾನು, ಅಲಂಕಾರವಿಲ್ಲದ ಅಂಗಡಿ, ರಟ್ಟಿನ ಪೆಟ್ಟಿಗೆಯಿಂದಲೇ ಮಾರಾಟ, ಕಡಿಮೆ ನೌಕರರು. ಇದು ಅವರ ಸೂತ್ರವಾಗಿತ್ತು.

ನೌಕರರು ಕಡಿಮೆಯಾದರೆ ಕೆಲಸ ಕಡಿಮೆಯಾಗುವುದಿಲ್ಲ. ಸಾಲು ಬೆಳೆದಾಗ ಗಲ್ಲಾದಲ್ಲಿ ಕೂರುವ ಹೆಣ್ಣುಮಗಳೇ, ಸಾಲು ಕರಗಿದೊಡನೆ ಎದ್ದು ಪೆಟ್ಟಿಗೆ ಬಿಚ್ಚುತ್ತಾಳೆ, ಕಪಾಟು ತುಂಬುತ್ತಾಳೆ, ನೆಲ ಗುಡಿಸುತ್ತಾಳೆ. ಸಂಬಳ ಅನೇಕ ಪೈಪೋಟಿ ಅಂಗಡಿಗಳಿಗಿಂತ ಚೆನ್ನಾಗಿದೆ ಎಂಬ ಮಾತಿದೆ. ದುಡಿಮೆಯೂ ಅದಕ್ಕೆ ತಕ್ಕಂತೆಯೇ.

ಹಿಂದೆ ಇನ್ನೊಂದು ಪರೀಕ್ಷೆ ಇತ್ತು. ಪ್ರತಿ ವಸ್ತುವಿನ ಬೆಲೆ ಅಥವಾ ಸಂಕೇತ ಸಂಖ್ಯೆಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಬೇಕಿತ್ತು. ಪಳಗಿದವರ ಬೆರಳುಗಳು ಕೀಲಿಮಣೆ ನೋಡದೆಯೇ ಓಡುತ್ತಿದ್ದವು. ಸ್ಕ್ಯಾನರ್ ಬಂದರೆ ನಿಧಾನವಾಗುತ್ತದೆಂದು ಸಂಸ್ಥೆ ಬಹುಕಾಲ ಅದನ್ನು ದೂರವಿಟ್ಟಿತ್ತು!

2000ದ ಆಸುಪಾಸಿನಲ್ಲಿ ಸ್ಕ್ಯಾನರ್ ಬಂತು. ನೆನಪಿನ ಭಾರ ಇಳಿಯಿತು, ಅವಸರ ಇಳಿಯಲಿಲ್ಲ. ಪೊಟ್ಟಣ ತಿರುಗಿಸಿ ಹುಡುಕುವಷ್ಟೂ ಹೊತ್ತು ಹಾಳಾಗದಂತೆ ಹಲವು ಬದಿಗಳಲ್ಲಿ ದೊಡ್ಡ ಬಾರ್‌ಕೋಡ್ ಅಚ್ಚಾಯಿತು. ಗಿರಾಕಿ ಸಾಮಾನನ್ನು ತಳ್ಳುಗಾಡಿಗೆ ಹಾಕಿಕೊಂಡು, ಪಕ್ಕದ ಕಟ್ಟೆಯ ಮೇಲೆ ತಾನೇ ಚೀಲಕ್ಕೆ ತುಂಬಿಕೊಳ್ಳಬೇಕು.

ಹೀಗೆ ಉಳಿದ ಒಂದೊಂದು ಕ್ಷಣವೂ ಬೆಲೆಚೀಟಿಯಲ್ಲಿ ಕಾಸಾಗಿ ಇಳಿಯುತ್ತದೆ. ಗಿರಾಕಿಯ ಜೇಬಿನಲ್ಲಿ ಉಳಿಯುವ ಆ ಕಾಸಿನಲ್ಲಿ ಗಲ್ಲಾದ ಹೆಣ್ಣುಮಗಳ ಬೆವರಿನ ಪಾಲೂ ಇದೆ.